ಮಿನ್ನೆಸೋಟಾ ಕಾಡಿನ ವಸಂತದ ಹೂಗಳು: ಫೋಟೋದಲ್ಲಿ ಬಿಳಿ ಯಾಕೆ ಸುಟ್ಟುಹೋಗುತ್ತದೆ, ಬೆಳಗ್ಗೆ ಹೋದರೆ ಹೂ ಯಾಕೆ ಮುಚ್ಚಿರುತ್ತದೆ?

ಪ್ರಶ್ನೆ: ಬೆಂಗಳೂರಿನಿಂದ ಮಿನಿಯಾಪೊಲಿಸ್‌ಗೆ ಬಂದು ಎರಡು ವರ್ಷ ಆಯಿತು. ಊರಲ್ಲಿದ್ದಾಗ ಮಳೆಗಾಲದಲ್ಲಿ ಆಗುಂಬೆ, ಕುದುರೆಮುಖದ ಕಡೆ ಹೋಗಿ ಹೂವು, ಕಪ್ಪೆ, ಅಣಬೆ ಅಂತ ಫೋಟೋ ತೆಗೆಯುತ್ತಿದ್ದೆ. ಹೋದ ವರ್ಷ ಇಲ್ಲಿನ ಕಾಡುಹೂಗಳನ್ನು ತೆಗೆಯೋಣ ಅಂತ ನೆರ್‌ಸ್ಟ್ರಾಂಡ್ ಬಿಗ್ ವುಡ್ಸ್ ಪಾರ್ಕಿಗೆ ಹೋದೆ. ಬಿಸಿಲಿದ್ದ ದಿನ ತೆಗೆದ ಬಿಳಿ ಹೂಗಳೆಲ್ಲ ಬರೀ ಬಿಳಿ ಮಚ್ಚೆ. ದಳದ ಗೆರೆ ಕೂಡ ಕಾಣುವುದಿಲ್ಲ. ಮೆತ್ತಗಿನ ಬೆಳಕು ಸಿಗಲಿ ಅಂತ ಮುಂದಿನ ವಾರ ಮೋಡದ ದಿನ ನೋಡಿಕೊಂಡು ಬೆಳಗ್ಗೆ ಆರೂವರೆಗೇ ಹೋದರೆ ಮುಕ್ಕಾಲು ಹೂ ಮುಚ್ಚಿಕೊಂಡಿದ್ದವು. ನನ್ನ ಹತ್ತಿರ ಹಳೆಯ ಡಿಎಸ್‌ಎಲ್‌ಆರ್, ಜೊತೆಗೆ 18-55 ಮತ್ತು 55-250 ಲೆನ್ಸ್ ಇವೆ. ಮ್ಯಾಕ್ರೋ ಲೆನ್ಸ್ ತಗೊಳ್ಳಲೇಬೇಕಾ? ಒಂಬತ್ತು ವರ್ಷದ ಮಗಳೂ ಬರುತ್ತಾಳೆ, ಅವಳ ಕೈಯಲ್ಲಿ ಫೋನು. ಉಣ್ಣೆ (ರಕ್ತ ಹೀರುವ ಉಣುಗು) ಹತ್ತುವ ಭಯ ಬೇರೆ ಇದೆ.

ಉತ್ತರ: ನಿಮ್ಮ ಎರಡು ತೊಂದರೆಗೂ ಮೂಲ ಒಂದೇ, ಬೆಳಕು. ಲೆನ್ಸಿನ ಮಾತು ಆಮೇಲೆ ಹೇಳುತ್ತೇನೆ, ಅದು ಚಿಕ್ಕ ವಿಷಯ. ಈ ಕಾಡಿನ ಹೂಗಳು ಎಂಥ ಬೆಳಕಿಗೆ ಕಾದು ಅರಳುತ್ತವೆ ಎಂದು ತಿಳಿದರೆ, ಯಾವ ದಿನ ಹೋಗಬೇಕು, ಎಷ್ಟು ಹೊತ್ತಿಗೆ ಹೋಗಬೇಕು, ಕ್ಯಾಮೆರಾದಲ್ಲಿ ಏನು ಬದಲಾಯಿಸಬೇಕು ಎನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ಮಲೆನಾಡಿನಲ್ಲಿ ನೀವು ತೆಗೆಯುತ್ತಿದ್ದದ್ದು ಮಳೆಗೆ ಕಾಯುವ ಹೂಗಳನ್ನು. ಅಲ್ಲಿನ ದಟ್ಟ ಕಾಡಿನಲ್ಲಿ ಮರ ವರ್ಷವಿಡೀ ಹಸಿರು, ನೆಲದಲ್ಲಿ ಸದಾ ನೆರಳು. ಮಳೆ ಹಿಡಿದ ಮೇಲೆ ನೆಲದ ಗಿಡಗಳು ಎದ್ದೇಳುತ್ತವೆ. ಇಲ್ಲಿ ವಸಂತದಲ್ಲಿ ನೀರಿಗೆ ಬರವಿಲ್ಲ, ಹಿಮ ಕರಗಿದ ನೀರೇ ಬೇಕಾದಷ್ಟು ಇರುತ್ತದೆ. ಬರ ಇರುವುದು ಬಿಸಿಲಿಗೆ. ನೆರ್‌ಸ್ಟ್ರಾಂಡ್ ಕಾಡು ಮುಖ್ಯವಾಗಿ ಶುಗರ್ ಮೇಪಲ್ ಮತ್ತು ಬಾಸ್‌ವುಡ್ ಮರಗಳದ್ದು. ಇವು ಚಳಿಗಾಲದಲ್ಲಿ ಪೂರ್ತಿ ಬೋಳು. ಏಪ್ರಿಲ್‌ನಲ್ಲಿ ಹಿಮ ಕರಗಿದಾಗ ಕೊಂಬೆಗಳಲ್ಲಿ ಇನ್ನೂ ಚಿಗುರು ಬಂದಿರುವುದಿಲ್ಲ, ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತದೆ. ಮೇ ಕೊನೆಯ ಹೊತ್ತಿಗೆ ಮೇಲೆ ಎಲೆ ಕೂಡಿಕೊಂಡು ಕೆಳಗೆ ಕತ್ತಲು. ಈ ನಡುವಿನ ಕೆಲವೇ ವಾರಗಳಲ್ಲಿ ನೆಲದ ಗಿಡ ಮೇಲೆ ಬರಬೇಕು, ಹೂ ಬಿಡಬೇಕು, ಬೀಜ ಕಟ್ಟಬೇಕು, ಮುಂದಿನ ವರ್ಷಕ್ಕೆ ಬೇಕಾದ ಆಹಾರವನ್ನು ಗೆಡ್ಡೆಯಲ್ಲಿ ತುಂಬಿಕೊಳ್ಳಬೇಕು. ಸ್ಪ್ರಿಂಗ್ ಬ್ಯೂಟಿ, ಡಚ್‌ಮನ್ಸ್ ಬ್ರೀಚಸ್, ಟ್ರೌಟ್ ಲಿಲಿ, ಇವನ್ನು ಜೂನ್ ಮುಗಿಯುವಾಗ ಹುಡುಕಿದರೆ ಎಲೆ ಕೂಡ ಸಿಗುವುದಿಲ್ಲ.

ಹಾಗಾದರೆ ನೀವು ಹೋದ ಬೆಳಗ್ಗೆ ಹೂಗಳು ಮುಚ್ಚಿದ್ದು ಯಾಕೆ? ಏಪ್ರಿಲ್‌ನ ಬೆಳಗ್ಗೆ ಆರೂವರೆಗೆ ಇಲ್ಲಿ ಸುಮಾರು ಸಲ ಸೊನ್ನೆ ಡಿಗ್ರಿಯ ಆಸುಪಾಸು ಚಳಿ. ಆ ಚಳಿಯಲ್ಲಿ ಈ ಹೂಗಳಿಗೆ ಬರುವ ಚಿಕ್ಕ ಕಾಡುಜೇನುಗಳು, ನೊಣಗಳು ಹಾರುವುದಿಲ್ಲ. ಹುಳ ಬಾರದ ಹೊತ್ತಿನಲ್ಲಿ ತೆರೆದುಕೊಂಡಿದ್ದರೆ ಪರಾಗ ಸುಮ್ನೆ ಒದ್ದೆಯಾಗುತ್ತದೆ, ಅಷ್ಟೆ. ಅದಕ್ಕೇ ಹೆಪಾಟಿಕಾ, ಬ್ಲಡ್‌ರೂಟ್, ಸ್ಪ್ರಿಂಗ್ ಬ್ಯೂಟಿ ಮೂರೂ ರಾತ್ರಿ, ಮಳೆಯಲ್ಲಿ, ಚಳಿಯ ಮೋಡದ ದಿನಗಳಲ್ಲಿ ದಳ ಮುಚ್ಚಿಕೊಂಡಿರುತ್ತವೆ. ಟ್ರೌಟ್ ಲಿಲಿ ಕೂಡ ಬಿಸಿಲು ಕಾದ ಮೇಲೆಯೇ ದಳವನ್ನು ಹಿಂದಕ್ಕೆ ಬಾಗಿಸುತ್ತದೆ. ಆದರೆ ಟ್ರಿಲಿಯಮ್ ಹಾಗಲ್ಲ. ಒಮ್ಮೆ ಅರಳಿದರೆ ರಾತ್ರಿಯೂ ತೆರೆದೇ ಇರುತ್ತದೆ, ಮಳೆಯಲ್ಲೂ ತೆರೆದೇ ಇರುತ್ತದೆ. ಡಚ್‌ಮನ್ಸ್ ಬ್ರೀಚಸ್, ಕಾಡುಶುಂಠಿ, ಜ್ಯಾಕ್-ಇನ್-ದ-ಪಲ್ಪಿಟ್ ಇವೂ ಹಾಗೆಯೇ, ಹೊತ್ತು ನೋಡುವುದಿಲ್ಲ.

ಫೋಟೋಗ್ರಫಿಯ ಪಾಠಗಳಲ್ಲಿ ಎಲ್ಲರೂ ಹೇಳುವ ಮಾತು, ಹೂಗಳಿಗೆ ಮೋಡದ ದಿನ, ಮುಂಜಾನೆಯ ಹೊತ್ತು ಒಳ್ಳೆಯದು ಅಂತ. ಇಲ್ಲಿ ಅದು ಅರ್ಧ ಮಾತ್ರ ನಿಜ. ಮೇ ಮಧ್ಯದ ಟ್ರಿಲಿಯಮ್‌ಗೆ ಆ ಮಾತು ಪೂರ್ತಿ ಸರಿ. ಏಪ್ರಿಲ್‌ನ ಹೆಪಾಟಿಕಾಗೆ ಪೂರ್ತಿ ತಪ್ಪು. ಆದ್ದರಿಂದ ಹೊರಡುವ ಮೊದಲು ಇವತ್ತು ಯಾವ ಹೂವಿಗೆ ಹೋಗುತ್ತಿದ್ದೇನೆ ಎಂದು ತೀರ್ಮಾನ ಮಾಡಿಕೊಳ್ಳಿ. ಮುಚ್ಚುವ ಹೂಗಳಿಗಾದರೆ ಬಿಸಿಲಿನ ದಿನ, ಹತ್ತೂವರೆ ಆದ ಮೇಲೆ. ಮುಚ್ಚದ ಹೂಗಳಿಗಾದರೆ ಮೋಡದ ದಿನ, ಇಲ್ಲವೇ ಸಂಜೆ. ಮೇ ಮಧ್ಯದಲ್ಲಿ ಮಿನಿಯಾಪೊಲಿಸ್‌ನಲ್ಲಿ ಸೂರ್ಯ ಮುಳುಗುವುದು ಎಂಟೂವರೆಯ ಹೊತ್ತಿಗೆ. ಆಫೀಸು ಮುಗಿಸಿ ಹೊರಟರೂ ಟ್ರಿಲಿಯಮ್‌ಗೆ ಒಳ್ಳೆಯ ಬೆಳಕು ಸಿಗುತ್ತದೆ.

ಬಿಸಿಲಿನಲ್ಲಿ ಹೂ ಅರಳುತ್ತದೆ, ಆದರೆ ಫೋಟೋ ಕೆಡುತ್ತದೆ. ಈ ಬಿಕ್ಕಟ್ಟಿಗೆ ಪರಿಹಾರ ಕೊಡೆ. ಬೆಳಕು ಸೋಸಿ ಬರುವಂಥ ತೆಳು ಬಿಳಿ ಬಟ್ಟೆಯ ಕೊಡೆ ಆದರೆ ತುಂಬಾ ಒಳ್ಳೆಯದು. ಬಿಸಿಲಿಗೆ ಅರಳಿದ ಹೂ ನೆರಳು ಬಿದ್ದ ತಕ್ಷಣ ಮುಚ್ಚಿಕೊಳ್ಳುವುದಿಲ್ಲ, ನಿಮ್ಮ ಕೆಲಸಕ್ಕೆ ಬೇಕಾದಷ್ಟು ಹೊತ್ತು ಹಾಗೇ ಇರುತ್ತದೆ. ಮಗಳ ಕೈಗೆ ಕೊಡೆ ಕೊಟ್ಟು ಹೂವಿಗೂ ಸೂರ್ಯನಿಗೂ ನಡುವೆ ಹಿಡಿಯಲು ಹೇಳಿ. ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ನೆರಳು ಹೂವಿನ ಮೇಲೆ ಮಾತ್ರ ಬಿದ್ದರೆ ಸಾಲದು, ಫ್ರೇಮಿನಲ್ಲಿ ಕಾಣುವ ಹಿನ್ನೆಲೆಯ ಮೇಲೂ ಬೀಳಬೇಕು. ಇಲ್ಲದಿದ್ದರೆ ಹೂ ಮಂಕಾಗಿ, ಹಿಂದಿನ ಒಣ ಎಲೆಗಳು ಬೆಳ್ಳಗೆ ಹೊಳೆಯುತ್ತವೆ. ಹಾಗಾಗಿ ಈ ಉಪಾಯ ಒಂದೆರಡು ಹೂವಿನ ಫೋಟೋಗೆ ಸರಿ. ಇಡೀ ಇಳಿಜಾರಿನ ತುಂಬ ಅರಳಿದ ಹೂಗಳನ್ನು ತೆಗೆಯಬೇಕಾದರೆ ತೆಳು ಮೋಡ ಬರುವ ತನಕ ಕಾಯುವುದೇ ದಾರಿ.

ಈಗ ಬಿಳಿ ಸುಡುವ ವಿಷಯ. ಕ್ಯಾಮೆರಾದ ಮೀಟರ್ ಫ್ರೇಮಿನ ಸರಾಸರಿ ನೋಡುತ್ತದೆ. ನಿಮ್ಮ ಫ್ರೇಮಿನ ಮುಕ್ಕಾಲು ಪಾಲು ಹೋದ ವರ್ಷದ ಕಂದು ದರಗು, ಒದ್ದೆ ಮಣ್ಣು, ಪಾಚಿ ಕಟ್ಟಿದ ದಿಮ್ಮಿ. ಇಷ್ಟು ಕಪ್ಪು ಕಂಡಾಗ ಮೀಟರ್ ಬೆಳಕನ್ನು ಏರಿಸುತ್ತದೆ. ನಡುವಿನ ಚಿಕ್ಕ ಬಿಳಿ ಹೂವಿಗೆ ಅದು ಅತಿಯಾಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಹೇಳಿದ ಬೆಳಕನ್ನು ಏರಿಸುವ, ಇಳಿಸುವ ಸೆಟ್ಟಿಂಗ್) ಅನ್ನು ಮೈನಸ್ 1ಕ್ಕೆ ಇಟ್ಟು ಶುರು ಮಾಡಿ. ಹೈಲೈಟ್ ಅಲರ್ಟ್ ಆನ್ ಇರಲಿ. ಫೋಟೋ ತೆಗೆದ ಮೇಲೆ ಸ್ಕ್ರೀನಿನಲ್ಲಿ ದಳ ಮಿನುಗುತ್ತಿದ್ದರೆ ಇನ್ನೂ ಇಳಿಸಿ, ಮಿನುಗು ನಿಂತ ಮೇಲೆ ಸರಿ. ಸ್ಕ್ರೀನಿನಲ್ಲಿ ಚಿತ್ರ ಕತ್ತಲಾಗಿ ಕಾಣುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ರಾ ಫೈಲ್ (ಕ್ಯಾಮೆರಾ ಕಂಡದ್ದನ್ನು ಕುಗ್ಗಿಸದೆ ಇಡುವ ಮೂಲ ಫೈಲ್) ಇಟ್ಟುಕೊಂಡರೆ ಕತ್ತಲಿನ ಭಾಗವನ್ನು ಮನೆಯಲ್ಲಿ ಎತ್ತಬಹುದು. ಸುಟ್ಟುಹೋದ ಬಿಳಿಯಲ್ಲಿ ಮಾಹಿತಿಯೇ ಇರುವುದಿಲ್ಲ, ಯಾವ ಸಾಫ್ಟ್‌ವೇರೂ ಅದನ್ನು ವಾಪಸ್ ತರುವುದಿಲ್ಲ.

ಹಳದಿ ಹೂವಿನಲ್ಲೂ ಇದೇ ತೊಂದರೆ, ಆದರೆ ಕಣ್ಣಿಗೆ ಬೇಗ ಕಾಣುವುದಿಲ್ಲ. ತೊರೆಯ ಬದಿಯ ಜೌಗಿನಲ್ಲಿ ಅರಳುವ ಮಾರ್ಷ್ ಮಾರಿಗೋಲ್ಡ್ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಹಳದಿ. ಇದರಲ್ಲಿ ಮೊದಲು ತುಂಬಿ ಹರಿಯುವುದು ಕೆಂಪು ಚಾನೆಲ್. ಸಾಮಾನ್ಯ ಹಿಸ್ಟೋಗ್ರಾಮ್ (ಫೋಟೋದಲ್ಲಿ ಕತ್ತಲು, ಬೆಳಕು ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ) ಸರಿ ಇದ್ದಂತೆ ತೋರಿದರೂ ದಳಗಳು ಒಂದೇ ಹಳದಿ ಮುದ್ದೆ ಆಗಿರುತ್ತವೆ. ಮೂರೂ ಬಣ್ಣವನ್ನು ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ನೋಡಿ. ಒಂದು ಪೋಲರೈಸರ್ ಫಿಲ್ಟರ್ ಇದ್ದರೆ ಎಲೆ ಮತ್ತು ದಳದ ಹೊಳಪು ಕಡಿಮೆಯಾಗಿ ಬಣ್ಣ ನಿಲ್ಲುತ್ತದೆ. ಅದು ಒಂದೂವರೆ ಸ್ಟಾಪಿನಷ್ಟು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ) ಬೆಳಕು ನುಂಗುತ್ತದೆ ಎನ್ನುವುದು ನೆನಪಿರಲಿ.

ಇನ್ನು ಹೆಪಾಟಿಕಾದ ಬಣ್ಣ. ಬಿಳಿ, ಗುಲಾಬಿ, ತಿಳಿ ನೇರಳೆ, ನೀಲಿ, ಎಲ್ಲವೂ ಒಂದೇ ಇಳಿಜಾರಿನಲ್ಲಿ ಸಿಗುತ್ತವೆ. ನೀಲಿ ಆಕಾಶದ ಕೆಳಗಿನ ನೆರಳು ತಾನೇ ನೀಲಿಯಾಗಿರುತ್ತದೆ, ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಅದನ್ನು ಒಂದೊಂದು ಫೋಟೋದಲ್ಲಿ ಒಂದೊಂದು ಥರ ತಿದ್ದುತ್ತದೆ. ಅದನ್ನು ಆಟೋದಿಂದ ತೆಗೆದು ಒಂದೇ ಕಡೆ ನಿಲ್ಲಿಸಿ. ಕೊಡೆಯ ನೆರಳಿಗೆ 'ಕ್ಲೌಡಿ' ಸಾಕು. ಹೆಪಾಟಿಕಾದ ಕಾಂಡದ ಮೇಲೆ ರೇಷ್ಮೆಯಂಥ ಕೂದಲಿದೆ. ಮಧ್ಯಾಹ್ನ ಮೂರೂವರೆ, ನಾಲ್ಕರ ಹೊತ್ತಿಗೆ ಸೂರ್ಯ ಇಳಿಯುತ್ತಾನೆ, ಹೂ ಇನ್ನೂ ತೆರೆದಿರುತ್ತದೆ. ಆಗ ಸೂರ್ಯನಿಗೆ ಎದುರಾಗಿ ಮಲಗಿ, ಹಿಂದೆ ಮರದ ಕಪ್ಪು ನೆರಳು ಬರುವ ಹಾಗೆ ನೋಡಿ. ಪ್ರತಿಯೊಂದು ಕೂದಲೂ ಬೆಳಗುತ್ತದೆ. ಕೊಡೆ ಮಡಚಿ ಇಡಬೇಕಾದ ಹೊತ್ತು ಅದು.

ಬ್ಲಡ್‌ರೂಟ್‌ನ ದಿನಚರಿ ಒಂದನ್ನು ಪೂರ್ತಿ ಹೇಳಬೇಕು, ಯಾಕೆಂದರೆ ಅದು ಗೊತ್ತಿದ್ದರೆ ಉಳಿದವೂ ಅರ್ಥವಾಗುತ್ತವೆ. ಬೆಳಗ್ಗೆ ಎಂಟಕ್ಕೆ ನೋಡಿದರೆ ಒಂದೇ ಒಂದು ಬೂದು ಹಸಿರು ಎಲೆ ಕಾಂಡವನ್ನು ಸುತ್ತಿಕೊಂಡು ನಿಂತಿರುತ್ತದೆ, ಮೇಲೆ ಬಿಳಿ ಮೊಗ್ಗಿನ ತುದಿ. ಬಿಸಿಲು ತಾಗಿದ ಮೇಲೆ ದಳಗಳು ನಿಧಾನಕ್ಕೆ ಬಿಚ್ಚುತ್ತವೆ. ಸಾಮಾನ್ಯವಾಗಿ ಎಂಟು, ಕೆಲವದರಲ್ಲಿ ಹತ್ತು, ಹನ್ನೆರಡು. ನಡು ಮಧ್ಯಾಹ್ನ ಪೂರ್ತಿ ಚಪ್ಪಟೆ. ಜನ ಫೋಟೋ ತೆಗೆಯುವುದು ಆಗ, ಅದೂ ಮೇಲಿನಿಂದ. ನನಗೆ ಅದಕ್ಕಿಂತ ಅರ್ಧ ತೆರೆದ ಹೊತ್ತು ಮೆಚ್ಚು. ದಳಗಳು ಬಟ್ಟಲಿನ ಹಾಗೆ ನಿಂತಿರುತ್ತವೆ, ಒಳಗೆ ಹಳದಿ ಕೇಸರಗಳ ಗುಂಪು, ಒಂದು ದಳದ ನೆರಳು ಇನ್ನೊಂದರ ಮೇಲೆ. ಬಿಳಿಯ ಮೇಲೆ ಈ ತೆಳು ನೆರಳು ಇದ್ದರೇನೇ ಹೂವಿಗೆ ಆಕಾರ ಬರುವುದು. ಕ್ಯಾಮೆರಾ ಹೂವಿನ ಎತ್ತರಕ್ಕೇ ಇಳಿಯಲಿ. ಸುತ್ತಿದ ಎಲೆಯೂ ಚಿತ್ರದಲ್ಲಿ ಇರಲಿ, ಅದನ್ನು ಕತ್ತರಿಸಿದರೆ ಯಾವ ಹೂವೆಂದೇ ತಿಳಿಯುವುದಿಲ್ಲ. ಈ ಹೂವಿಗೆ ಆಯಸ್ಸು ಕಡಿಮೆ. ಮೂರ್ನಾಲ್ಕು ದಿನ ಇದ್ದರೆ ಹೆಚ್ಚು, ಜೋರು ಗಾಳಿ ಮಳೆ ಬಂದರೆ ಒಂದೇ ದಿನ. ಅರಳಿದೆ ಎಂದು ಸುದ್ದಿ ಸಿಕ್ಕರೆ ಶನಿವಾರದ ತನಕ ಕಾಯಬೇಡಿ.

ಲೆನ್ಸಿಗೆ ಬರೋಣ. ಮ್ಯಾಕ್ರೋ ಲೆನ್ಸ್ ಈ ವರ್ಷ ಬೇಡ. ನಿಮ್ಮ 55-250 ಸಾಕು, ಈ ಕಾಡಿಗೆ ಅದೇ ಸರಿಯಾದ ಲೆನ್ಸ್ ಅಂತಲೂ ಹೇಳುತ್ತೇನೆ. ದಾರಿಯ ಮೇಲೇ ಕೂತು ಒಂದು ಮೀಟರ್ ಆಚೆಯ ಹೂವನ್ನು 200, 250 ಮಿ.ಮೀ.ನಲ್ಲಿ ತೆಗೆದರೆ ಟ್ರಿಲಿಯಮ್ ಫ್ರೇಮಿನ ಬಹುಪಾಲು ತುಂಬುತ್ತದೆ. ಉದ್ದ ಲೆನ್ಸಿನ ದೊಡ್ಡ ಲಾಭ ಹಿನ್ನೆಲೆ. ಅದು ಹೂವಿನ ಹಿಂದಿನ ಸ್ವಲ್ಪವೇ ಜಾಗವನ್ನು ತೋರಿಸುತ್ತದೆ. ಕ್ಯಾಮೆರಾವನ್ನು ನಾಲ್ಕು ಬೆರಳು ಎಡಕ್ಕೆ ಸರಿಸಿದರೆ ಬೆಳ್ಳಗಿನ ಬರ್ಚ್ ಕೊಂಬೆ ಮಾಯವಾಗಿ ಕಪ್ಪು ಕಾಂಡ ಬರುತ್ತದೆ. ಸ್ಪ್ರಿಂಗ್ ಬ್ಯೂಟಿಯಂಥ ಬೆರಳ ಉಗುರಿನಷ್ಟು ಹೂವಿಗೆ ಇನ್ನೂ ಹತ್ತಿರ ಹೋಗಬೇಕು ಅನಿಸಿದರೆ ಎಕ್ಸ್‌ಟೆನ್ಷನ್ ಟ್ಯೂಬ್ ತಗೊಳ್ಳಿ. ಅದರಲ್ಲಿ ಗಾಜಿಲ್ಲ, ಲೆನ್ಸನ್ನು ಸೆನ್ಸರಿನಿಂದ ಸ್ವಲ್ಪ ದೂರ ಮಾಡುತ್ತದೆ ಅಷ್ಟೆ. ಬೆಲೆ ಮ್ಯಾಕ್ರೋ ಲೆನ್ಸಿನ ಒಂದು ಸಣ್ಣ ಪಾಲು. ಕ್ಯಾಮೆರಾದಿಂದಲೇ ಅಪರ್ಚರ್ (ಬೆಳಕು ಬರುವ ಲೆನ್ಸಿನ ಕಿಂಡಿಯ ಅಳತೆ) ಬದಲಾಯಿಸಬೇಕಾದರೆ ವಿದ್ಯುತ್ ಸಂಪರ್ಕ ಇರುವ ಟ್ಯೂಬೇ ಆಗಬೇಕು.

ಸೆಟ್ಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೇ ಹೂ, ಮೆತ್ತಗಿನ ಹಿನ್ನೆಲೆ ಬೇಕಾದರೆ ಎಫ್/5.6. ದಳ, ಕೇಸರ ಎರಡೂ ಸ್ಪಷ್ಟ ಬೇಕಾದರೆ ಎಫ್/8, ಎಫ್/11. ಅದಕ್ಕಿಂತ ಮುಂದೆ ಹೋದರೆ ಡಿಫ್ರಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಚದುರುವುದರಿಂದ) ಚಿತ್ರ ಮೆದುವಾಗುತ್ತಾ ಹೋಗುತ್ತದೆ. ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಕೆಲವೇ ಮಿಲಿಮೀಟರ್. ಅದಕ್ಕೇ ಅಪರ್ಚರ್‌ಗಿಂತ ಕೋನ ಮುಖ್ಯ. ಹೂವಿನ ಮುಖಕ್ಕೆ ಸೆನ್ಸರ್ ಸಮಾನಾಂತರ ಇದ್ದರೆ ಅದೇ ಎಫ್/8ನಲ್ಲಿ ಇಡೀ ಹೂ ಸಿಗುತ್ತದೆ. ಡಚ್‌ಮನ್ಸ್ ಬ್ರೀಚಸ್‌ನಲ್ಲಿ ಬಾಗಿದ ಕಾಂಡದ ಉದ್ದಕ್ಕೂ ಬಿಳಿ ಹೂಗಳು ಸಾಲಾಗಿ ತೂಗುತ್ತವೆ. ಅದನ್ನು ಓರೆಯಿಂದ ತೆಗೆದರೆ ಒಂದು ಹೂ ಮಾತ್ರ ಸ್ಪಷ್ಟ, ಪಕ್ಕದಿಂದ ನೇರವಾಗಿ ತೆಗೆದರೆ ಇಡೀ ಸಾಲು ಸ್ಪಷ್ಟ. ಆ ಹೂವಿನ ಹತ್ತಿರ ಸ್ವಲ್ಪ ಹೊತ್ತು ಕೂತಿರಿ. ಚಳಿ ನಿದ್ದೆಯಿಂದ ಆಗಷ್ಟೇ ಎದ್ದ ರಾಣಿ ಬಂಬಲ್‌ಬೀಗಳು ಬರುತ್ತವೆ. ಅದರ ಮಕರಂದ ಎರಡು ಕಾಲಿನಂಥ ಚೀಲಗಳ ತುದಿಯಲ್ಲಿರುತ್ತದೆ, ಉದ್ದ ನಾಲಿಗೆಯ ಹುಳಕ್ಕೆ ಮಾತ್ರ ಎಟುಕುತ್ತದೆ.

ಗಾಳಿಗೆ ಔಷಧಿ ಷಟರ್ ವೇಗ ಒಂದೇ. ಲೆನ್ಸಿನ ಸ್ಟೆಬಿಲೈಸರ್ ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಹೂವಿನ ಓಲಾಟವನ್ನಲ್ಲ. 1/250 ಸೆಕೆಂಡು ಅಥವಾ ಇನ್ನೂ ವೇಗ ಇಟ್ಟುಕೊಳ್ಳಿ, ಅದಕ್ಕೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 800, 1600 ಆದರೂ ಪರವಾಗಿಲ್ಲ. ಗಾಳಿಯ ನಡುವೆ ಒಂದೆರಡು ಸೆಕೆಂಡ್ ಹೂ ನಿಲ್ಲುತ್ತದೆ, ಆಗ ನಾಲ್ಕೈದು ಫೋಟೋ ಒಟ್ಟಿಗೆ ತೆಗೆಯಿರಿ.

ಇಲ್ಲಿಯ ತನಕ ದಾರಿಯ ಮೇಲೇ ಕೂತು ಅಂತ ಹೇಳಿದ್ದು ಬೇಕೆಂದೇ. ನೆರ್‌ಸ್ಟ್ರಾಂಡ್‌ನಲ್ಲಿ ಇದು ಬಹಳ ದೊಡ್ಡ ವಿಷಯ. ಮಿನ್ನೆಸೋಟಾ ಡ್ವಾರ್ಫ್ ಟ್ರೌಟ್ ಲಿಲಿ ಎಂಬ ಪುಟ್ಟ ಹೂ ಇಡೀ ಪ್ರಪಂಚದಲ್ಲಿ ಈ ರಾಜ್ಯದ ಕೆಲವೇ ಕೌಂಟಿಗಳಲ್ಲಿ ಮಾತ್ರ ಇದೆ, ಆ ಪಾರ್ಕಿನಲ್ಲೂ ಇದೆ. 1986ರಿಂದ ಅದು ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಅದು ಬೀಜದಿಂದ ಹರಡುವುದು ತೀರಾ ಅಪರೂಪ, ನೆಲದೊಳಗೆ ಮರಿಗೆಡ್ಡೆ ಬಿಟ್ಟು ಇಂಚಿಂಚಾಗಿ ಹರಡುತ್ತದೆ. ಪಕ್ಕದಲ್ಲೇ ಬಿಳಿ ಟ್ರೌಟ್ ಲಿಲಿಯ ಹಾಸು ಇರುತ್ತದೆ. ಎರಡರ ಎಲೆಯೂ ಮಚ್ಚೆ ಮಚ್ಚೆ, ಹೂವಿಲ್ಲದಾಗ ಗುರುತು ಹಿಡಿಯುವುದು ಕಷ್ಟ. ಹೂ ಬಿಟ್ಟಾಗ ನೋಡಿದರೆ ಡ್ವಾರ್ಫ್ ತೀರಾ ಚಿಕ್ಕದು, ದಳಗಳು ಕೆಲವೊಮ್ಮೆ ನಾಲ್ಕು, ಕೆಲವೊಮ್ಮೆ ಐದು. ಬಿಳಿಯದರಲ್ಲಿ ಸಾಮಾನ್ಯವಾಗಿ ಆರು. ಹೂವಿಲ್ಲದ ಒಂಟಿ ಎಲೆಯ ಗಿಡಗಳೇ ಅಲ್ಲಿ ಹೆಚ್ಚು, ಅವು ಇನ್ನೂ ಹೂ ಬಿಡುವ ವಯಸ್ಸಿಗೆ ಬಂದಿರುವುದಿಲ್ಲ. ಬರೀ ಎಲೆ ಅಂತ ಅದರ ಮೇಲೆ ಮಂಡಿಯೂರಿದರೆ ಹಲವು ವರ್ಷಗಳ ಬೆಳೆ ಹೋಯಿತು.

ಟ್ರಿಲಿಯಮ್ ಕಥೆಯೂ ಹೀಗೆಯೇ. ಬೀಜ ಬಿದ್ದು ಮೊದಲ ಹೂ ಬಿಡಲು ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಬೇಕು. ಬೀಜದ ತುದಿಯಲ್ಲಿ ಎಣ್ಣೆಯಂಶದ ಒಂದು ಚಿಕ್ಕ ತುಣುಕು ಇರುತ್ತದೆ, ಇರುವೆಗಳು ಅದಕ್ಕಾಗಿ ಬೀಜವನ್ನು ಗೂಡಿಗೆ ಹೊತ್ತೊಯ್ಯುತ್ತವೆ. ಇರುವೆ ನಡೆದಷ್ಟೇ ದೂರ ಅದು ಹರಡುವುದು. ಹೂವಿನ ಕೆಳಗೆ ಕಾಣುವ ಮೂರು ಎಲೆಗಳೇ ಆ ವರ್ಷದ ಅದರ ಅಡುಗೆಮನೆ. ಹೂವಿನ ಜೊತೆ ಅವನ್ನೂ ಕಿತ್ತರೆ ಬೇರೆ ಎಲೆ ಬರುವುದಿಲ್ಲ. ಜಿಂಕೆಗಳು ಬೇರೆ ಇದನ್ನು ಹುಡುಕಿ ಮೇಯುತ್ತವೆ. ದಾರಿಯ ಅಂಚಿನಲ್ಲೇ ಬೇಕಾದಷ್ಟು ಹೂ ಇರುವಾಗ ಒಳಗೆ ಕಾಲಿಡುವ ಅಗತ್ಯವೇ ಇಲ್ಲ. ಹೂವಿನ ಮುಂದೆ ಒಣ ಕಡ್ಡಿ ಅಡ್ಡ ಬಂದಿದ್ದರೆ ಬೆರಳಲ್ಲಿ ಸರಿಸಿ, ಆಮೇಲೆ ವಾಪಸ್ ಇಡಿ. ದರಗನ್ನು ಮಾತ್ರ ಗುಡಿಸಬೇಡಿ. ಹಿಮಯುಗದ ನಂತರ ಈ ಕಾಡುಗಳಲ್ಲಿ ಎರೆಹುಳುವೇ ಇರಲಿಲ್ಲ. ಯುರೋಪಿನಿಂದ ಬಂದ ಎರೆಹುಳುಗಳು ಈಗ ದರಗಿನ ಹಾಸನ್ನು ತಿಂದು ಖಾಲಿ ಮಾಡುತ್ತಿವೆ, ಆ ಹಾಸಿನಲ್ಲೇ ಬೇರು ಬಿಡುವ ಹೂಗಿಡಗಳು ಅದರಿಂದ ಸೊರಗುತ್ತಿವೆ. ನಮ್ಮೂರಲ್ಲಿ ರೈತನ ಮಿತ್ರ ಎಂದು ಕಲಿತ ಹುಳು ಇಲ್ಲಿ ಹಾನಿ ಮಾಡುತ್ತದೆ ಎನ್ನುವುದು ನಂಬಲು ಕಷ್ಟ, ಆದರೆ ನಿಜ. ಬೂಟಿನ ಮಣ್ಣನ್ನೂ ಕಾಡಿಗೆ ಹೋಗುವ ಮೊದಲೇ ಉಜ್ಜಿ ತೆಗೆಯಿರಿ, ಗಾರ್ಲಿಕ್ ಮಸ್ಟರ್ಡ್ ಎಂಬ ಕಳೆಯ ಬೀಜ ಅದರಲ್ಲೇ ಬರುತ್ತದೆ.

ನಿಮಗೆ ಊರಿನ ನೆನಪು ತರುವ ಹೂವೊಂದಿದೆ, ಜ್ಯಾಕ್-ಇನ್-ದ-ಪಲ್ಪಿಟ್. ಪಶ್ಚಿಮ ಘಟ್ಟದಲ್ಲಿ ಮಳೆ ಶುರುವಾದಾಗ ಹಾವಿನ ಹೆಡೆಯ ಆಕಾರದ ಹಸಿರು ಹೂ ನೋಡಿರುತ್ತೀರಿ, ಅಲ್ವಾ? ಇದು ಅದರ ಕುಲವೇ, ಎರಡೂ ಅರಿಸೀಮಾ. ಹೆಡೆಯ ಒಳಗೆ ಗೆರೆ ಗೆರೆ, ಬೆಳಕು ಹಿಂದಿನಿಂದ ಬಂದರೆ ಆ ಗೆರೆಗಳೇ ಚಿತ್ರ. ಕಾಡುಶುಂಠಿಯ ಹೂ ಹುಡುಕಲು ಮಾತ್ರ ಕೆನ್ನೆ ನೆಲಕ್ಕೆ ತಾಗಬೇಕು. ಎಲೆಗಳ ಕೆಳಗೆ, ಮಣ್ಣಿಗೆ ಒರಗಿಕೊಂಡು ಕಂದುಗೆಂಪು ಬಟ್ಟಲಿನ ಹಾಗೆ ಇರುತ್ತದೆ. ಬೇರಿಗೆ ಶುಂಠಿಯ ವಾಸನೆ ಇದೆ ಎಂದು ಬಾಯಿಗೆ ಹಾಕಬೇಡಿ, ಮಗಳಿಗೂ ಹೇಳಿ. ನಮ್ಮ ಶುಂಠಿಗೂ ಇದಕ್ಕೂ ಸಂಬಂಧವಿಲ್ಲ, ಮೂತ್ರಪಿಂಡಕ್ಕೆ ಕೇಡು ಮಾಡುವ ಅಂಶ ಅದರಲ್ಲಿದೆ.

ಉಣ್ಣೆಯ ಭಯ ಸರಿಯಾದದ್ದೇ. ಮಂಗನ ಕಾಯಿಲೆಯ ಸುದ್ದಿ ಕೇಳಿ ಬೆಳೆದವರಿಗೆ ಉಣುಗು ಏನು ಮಾಡಬಲ್ಲದು ಎಂದು ಹೇಳಬೇಕಿಲ್ಲ. ಇಲ್ಲಿ ಕಪ್ಪುಕಾಲಿನ ಉಣ್ಣೆ ಲೈಮ್ ಕಾಯಿಲೆ ಹರಡುತ್ತದೆ. ಅದರ ಮರಿ ಗಸಗಸೆ ಕಾಳಿನಷ್ಟೇ ಇರುತ್ತದೆ, ಮೇ, ಜೂನ್ ಅದರ ಕಾಲ. ತಿಳಿ ಬಣ್ಣದ ಪ್ಯಾಂಟ್ ಹಾಕಿ ಅದರ ಕಾಲನ್ನು ಸಾಕ್ಸಿನ ಒಳಗೆ ಸಿಕ್ಕಿಸಿ. ಬಟ್ಟೆಗೆ ಹಿಂದಿನ ದಿನವೇ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಒಣಗಿಸಿ, ಅದು ಮೈಗೆ ಹಚ್ಚುವುದಲ್ಲ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಡ್ರೈಯರಿನ ಜೋರು ಬಿಸಿಗೆ ಹಾಕಿ, ಸ್ನಾನ ಮಾಡಿ, ಮಂಡಿಯ ಹಿಂದೆ, ಸೊಂಟದ ಸುತ್ತ, ಕಂಕುಳು, ಕಿವಿಯ ಹಿಂದೆ, ತಲೆಗೂದಲಿನ ಅಂಚು ನೋಡಿ. ಕಚ್ಚಿದ್ದರೆ ಚಿಮ್ಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಲೈಮ್ ಸೋಂಕು ದಾಟಲು ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿರಬೇಕು, ಹಾಗಾಗಿ ಅದೇ ದಿನ ಹುಡುಕಿ ತೆಗೆಯುವುದೇ ದೊಡ್ಡ ರಕ್ಷಣೆ. ಆಮೇಲೆ ಜ್ವರ ಅಥವಾ ದೊಡ್ಡದಾಗುತ್ತಾ ಹೋಗುವ ಕೆಂಪು ಮಚ್ಚೆ ಕಂಡರೆ ಡಾಕ್ಟರ ಹತ್ತಿರ ಹೋಗಿ. ಮೊಳಕಾಲಿಗೆ ತೋಟದ ಕೆಲಸದವರು ಕಟ್ಟುವ ಪ್ಯಾಡ್ ಕಟ್ಟಿಕೊಂಡರೆ ಒದ್ದೆ ನೆಲದಿಂದಲೂ ಬಚಾವ್.

ಮಗಳ ಫೋನಿನ ಬಗ್ಗೆ ನನಗೆ ನಿಮಗಿಂತ ಹೆಚ್ಚು ಭರವಸೆ ಇದೆ. ಈ ಹೂಗಳು ಇರುವ ಎತ್ತರ ಅವಳಿಗೆ ಹತ್ತಿರ. ಅವಳಿಗೆ ಮೂರು ಕೆಲಸ ಕಲಿಸಿ. ಹೂವಿನ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡುವುದು, ಆಮೇಲೆ ಬೆರಳನ್ನು ಕೆಳಗೆ ಎಳೆದು ಬೆಳಕು ಇಳಿಸುವುದು. ತೀರಾ ಹತ್ತಿರ ಹೋಗಿ ಫೋನಿನ ನೆರಳನ್ನೇ ಹೂವಿನ ಮೇಲೆ ಬೀಳಿಸುವ ಬದಲು ಸ್ವಲ್ಪ ಹಿಂದೆ ಸರಿದು 2 ಪಟ್ಟು ಅಥವಾ 3 ಪಟ್ಟು ಲೆನ್ಸ್ ಬಳಸುವುದು. ಟ್ರೌಟ್ ಲಿಲಿಯಂಥ ತಲೆ ಬಾಗಿಸಿದ ಹೂವಿಗೆ ಫೋನನ್ನು ತಲೆಕೆಳಗು ಹಿಡಿಯುವುದು, ಆಗ ಲೆನ್ಸ್ ನೆಲಕ್ಕೆ ತಾಗುವಷ್ಟು ಕೆಳಗೆ ಬಂದು ಹೂವಿನ ಒಳಗೆ ಇಣುಕುತ್ತದೆ. ಜೊತೆಗೆ ಒಂದು ಟ್ರಿಲಿಯಮ್ ಅನ್ನು ಅವಳೇ ಆರಿಸಿಕೊಳ್ಳಲಿ. ಪ್ರತಿ ಶನಿವಾರ ಅದೇ ಹೂವನ್ನು ಅದೇ ಜಾಗದಿಂದ ತೆಗೆಯಲಿ. ಬಿಳಿ ಹೂ ಹಳೆಯದಾಗುತ್ತಾ ಗುಲಾಬಿ ಆಗುತ್ತದೆ, ಬಹಳ ಜನ ಅದನ್ನು ಬೇರೆ ಜಾತಿ ಅಂದುಕೊಳ್ಳುತ್ತಾರೆ. ಅವಳ ಫೋಟೋ ಸಾಲು ಅದನ್ನು ತೋರಿಸಿಕೊಡುತ್ತದೆ.

ಎಲ್ಲಿ, ಯಾವಾಗ? ನಗರದ ಒಳಗೇ ಎಲೋಯ್ಸ್ ಬಟ್ಲರ್ ಹೂದೋಟ ಇದೆ. ಶಾಲಾ ಶಿಕ್ಷಕಿಯಾಗಿದ್ದ ಎಲೋಯ್ಸ್ ಬಟ್ಲರ್ 1907ರಲ್ಲಿ ಶುರು ಮಾಡಿದ್ದು. ಅಮೆರಿಕದ ಸಾರ್ವಜನಿಕ ಕಾಡುಹೂ ತೋಟಗಳಲ್ಲಿ ಅದೇ ಹಳೆಯದು. ಗಿಡಗಳನ್ನು ಗುರುತಿಸುವುದು ಕಲಿಯಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಆಮೇಲೆ ನೆರ್‌ಸ್ಟ್ರಾಂಡ್‌ಗೆ ಹೋಗಿ. ಮಿನಿಯಾಪೊಲಿಸ್ ಸುತ್ತ ಹೆಪಾಟಿಕಾ ಏಪ್ರಿಲ್ ಮಧ್ಯಕ್ಕೆ, ಬ್ಲಡ್‌ರೂಟ್ ಏಪ್ರಿಲ್ ಕೊನೆಗೆ, ಟ್ರೌಟ್ ಲಿಲಿ ಮತ್ತು ಡಚ್‌ಮನ್ಸ್ ಬ್ರೀಚಸ್ ಅದರ ಬೆನ್ನಿಗೆ, ದೊಡ್ಡ ಟ್ರಿಲಿಯಮ್ ಮೇ ಮಧ್ಯಕ್ಕೆ. ಚಳಿ ಹೆಚ್ಚು ದಿನ ನಿಂತ ವರ್ಷ ಎಲ್ಲವೂ ಒಂದೆರಡು ವಾರ ಹಿಂದೆ ಬೀಳುತ್ತವೆ. ಐನ್ಯಾಚುರಲಿಸ್ಟ್‌ನಲ್ಲಿ (ಜನ ತಾವು ಕಂಡ ಗಿಡ, ಪ್ರಾಣಿಗಳನ್ನು ದಾಖಲಿಸುವ ಆ್ಯಪ್) ಆ ವಾರ ಬೇರೆಯವರು ಏನು ಕಂಡಿದ್ದಾರೆ ನೋಡಿ ಹೊರಡಿ. ಇಲ್ಲಿ ತಪ್ಪಿಹೋದರೆ ಉತ್ತರಕ್ಕೆ ಡುಲೂತ್ ಕಡೆ ಗಾಡಿ ಓಡಿಸಿ. ಲೇಕ್ ಸುಪೀರಿಯರ್‌ನ ತಣ್ಣನೆ ನೀರು ದಂಡೆಯ ಕಾಡುಗಳಲ್ಲಿ ವಸಂತವನ್ನು ತಡ ಮಾಡುತ್ತದೆ. ಇಲ್ಲಿ ಮುಗಿದ ಮಾರ್ಷ್ ಮಾರಿಗೋಲ್ಡ್ ಅಲ್ಲಿ ಮೇ ಕೊನೆಗೂ ಸಿಗುತ್ತದೆ.

ಜೂನ್ ಕೊನೆಗೆ ಇನ್ನೊಂದು ಸಲ ಉತ್ತರಕ್ಕೆ ಹೋಗುವುದಿದ್ದರೆ ಶೋವಿ ಲೇಡಿಸ್ ಸ್ಲಿಪ್ಪರ್ ನೋಡಿ. 1902ರಿಂದ ಈ ರಾಜ್ಯದ ಹೂ ಅದು. ಬಿಳಿ ದಳ, ಗುಲಾಬಿ ಚೀಲದ ದೊಡ್ಡ ಆರ್ಕಿಡ್, ಮೊದಲ ಹೂ ಬಿಡಲು 16 ವರ್ಷದ ತನಕ ತೆಗೆದುಕೊಳ್ಳುತ್ತದೆ. ಲೇಕ್ ಬೆಮಿಡ್ಜಿ ಪಾರ್ಕಿನ ಜೌಗಿನ ಮೇಲಿನ ಮರದ ಹಾದಿಯಿಂದ ಕಾಲು ಒದ್ದೆಯಾಗದೆ ತೆಗೆಯಬಹುದು. ಬಿಳಿ ಮತ್ತು ಗುಲಾಬಿ ಒಂದೇ ಹೂವಿನಲ್ಲಿ ಇರುವುದರಿಂದ ಮೋಡದ ದಿನವೇ ಹೋಗಿ, ಬಿಳಿ ದಳ ನೋಡಿಕೊಂಡು ಎಕ್ಸ್‌ಪೋಷರ್ ಇಡಿ. ಗಿಡ ಮುಟ್ಟಬೇಡಿ, ಅದರ ಕೂದಲು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಕೀಳುವುದಂತೂ 1925ರಿಂದ ಕಾನೂನಿಗೆ ವಿರುದ್ಧ, ಆದರೂ ಗೆಡ್ಡೆ ಸಮೇತ ಅಗೆದು ಒಯ್ಯುವವರು ಇದ್ದಾರೆ. ಆದ್ದರಿಂದ ಆರ್ಕಿಡ್ ಮತ್ತು ಡ್ವಾರ್ಫ್ ಟ್ರೌಟ್ ಲಿಲಿಯ ಫೋಟೋ ಯಾರಿಗಾದರೂ ಕಳಿಸುವ ಮೊದಲು ಅದರಲ್ಲಿರುವ ಜಾಗದ ಗುರುತನ್ನು ತೆಗೆದುಹಾಕಿ. ಮಗಳ ಫೋನಿನ ಕ್ಯಾಮೆರಾದಲ್ಲಿ ಲೊಕೇಷನ್ ಅನ್ನು ಮನೆಯಲ್ಲೇ ಆಫ್ ಮಾಡಿಕೊಂಡು ಹೊರಡುವುದು ಇನ್ನೂ ಸುಲಭ.